ರಾಷ್ಟ್ರಪತಿಯವರಿಗೆ ಅಮ್ಮ ಬರೆದದ್ದು

ಜಯನಗರದ ಒಂದು ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ರಾಷ್ಟ್ರಪತಿಯ ಪಾಠ ಪ್ರತಿ ವರ್ಷ ಬರುತ್ತದೆ. ದೇಶದ ಪ್ರಥಮ ಪ್ರಜೆ, ಮೂರೂ ಸೇನೆಗಳ ಮಹಾದಂಡನಾಯಕ, ಸರ್ಕಾರದ ಆದೇಶಗಳೆಲ್ಲ ಹೊರಡುವುದು ಅವರ ಹೆಸರಿನಲ್ಲೇ. ಆದರೆ ಮಂತ್ರಿಮಂಡಲದ ಸಲಹೆಯಂತೆಯೇ ಅವರು ನಡೆಯಬೇಕು. ಈ ‘ಆದರೆ’ ಮಕ್ಕಳಿಗೆ ಅರ್ಥವಾಗುವುದು ನಿಧಾನ. ನನ್ನ ಅಮ್ಮನಿಗೆ ಅದು ಅರ್ಥವಾಗಲೇ ಇಲ್ಲ. ಅಥವಾ ಅರ್ಥ ಮಾಡಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ನನ್ನ ತವರು ಉತ್ತರಹಳ್ಳಿ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಅವರು ತೀರಿಕೊಳ್ಳುವ ಮೊದಲೇ ಲೇಔಟ್ ಆಗಿತ್ತು. ಉಳಿದ ಮನೆಯ ಮೇಲೆ ಅಣ್ಣ ಬಾಡಿಗೆಗೆಂದು ಮಹಡಿ ಎಬ್ಬಿಸುತ್ತಿದ್ದ. ಒಂದು ಬೆಳಿಗ್ಗೆ ಹೊಸದಾಗಿ ಹಾಕಿದ ಕಾಂಕ್ರೀಟ್ ಛಾವಣಿಯ ಮೋಲ್ಡ್‌ಗೆ ನೀರು ಬಿಡಲು ಮೇಲೆ ಹೋದವನು ಕಾಲು ಜಾರಿ ಕೆಳಗೆ ಬಿದ್ದ. ತಡೆಗೋಡೆ ಇನ್ನೂ ಎದ್ದಿರಲಿಲ್ಲ. ಕತ್ತಿನ ಮೂಳೆ ಮುರಿಯಿತು. ಪ್ರಾಣ ಉಳಿಯಿತು, ಮಾತು ಉಳಿಯಿತು, ಬುದ್ಧಿ ಮೊದಲಿನಷ್ಟೇ ಚುರುಕಾಗಿತ್ತು. ಕತ್ತಿನಿಂದ ಕೆಳಗೆ ಮಾತ್ರ ಯಾವುದೂ ಅವನ ಮಾತು ಕೇಳಲಿಲ್ಲ. ಅವನಿಗಿನ್ನೂ ಮದುವೆಯಾಗಿರಲಿಲ್ಲ.

ಅಲ್ಲಿಂದ ಮುಂದೆ ಅಮ್ಮನ ಬದುಕು ನಡುಮನೆಯಲ್ಲಿ ಹಾಕಿದ್ದ ಅವನ ಮಂಚದ ಸುತ್ತಲೇ ನಡೆಯಿತು. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಾಯಿಸುವುದು, ಮೂತ್ರದ ಚೀಲ ಖಾಲಿ ಮಾಡುವುದು, ಮೈ ಒರೆಸುವುದು, ಗಂಜಿ ಕುಡಿಸುವುದು. ಕೆಲಸಕ್ಕೆಂದು ಬಂದವರು ಯಾರೂ ನಿಲ್ಲಲಿಲ್ಲ. ಅಣ್ಣ ದಪ್ಪ ಮೂಳೆಯ ಆಳು. ಅವನನ್ನು ಹೊರಳಿಸಲು ಅಮ್ಮ ಒಂದು ಮಂಡಿಯನ್ನು ಮಂಚದ ಮೇಲೆ ಊರಿ, ಹಲ್ಲು ಕಚ್ಚಿ ಎಳೆಯಬೇಕಿತ್ತು. ಮದುವೆಯಾಗಿ ಕತ್ರಿಗುಪ್ಪೆಯಲ್ಲಿದ್ದ ನಾನು ಶಾಲೆ ಬಿಟ್ಟ ಮೇಲೆ ಹೋಗಿ ಒಂದಿಷ್ಟು ಕೈಜೋಡಿಸಿ ಬರುತ್ತಿದ್ದೆ. ಹೇಗೋ ಮುಗಿದ ಮಹಡಿಯ ಬಾಡಿಗೆಯಲ್ಲಿ ಮನೆ ನಡೆಯುತ್ತಿತ್ತು. ವರ್ಷಗಳು ಹೀಗೇ ಕಳೆದವು.

ಒಂದು ಗಣರಾಜ್ಯೋತ್ಸವದ ದಿನ ಶಾಲೆಯಲ್ಲಿ ಧ್ವಜಾರೋಹಣ ಮುಗಿಸಿ ನೇರ ಅಲ್ಲಿಗೆ ಹೋದೆ. ಟಿವಿಯಲ್ಲಿ ದೆಹಲಿಯ ಪರೇಡ್ ಬರುತ್ತಿತ್ತು. ಸತ್ತ ಯೋಧನೊಬ್ಬನ ತಾಯಿಗೆ ರಾಷ್ಟ್ರಪತಿಯವರು ಪದಕ ಕೊಟ್ಟು, ಆಕೆಯ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡರು. ಅಮ್ಮ ಗಂಜಿಯ ಚಮಚ ಎತ್ತಿದವಳು ಹಾಗೆಯೇ ನೋಡುತ್ತಾ ನಿಂತಳು.

“ಇವ್ರಿಗಿಂತ ಮೇಲೆ ಯಾರೂ ಇಲ್ವೇನೇ?”

“ಇಲ್ಲಮ್ಮ.”

“ಗಲ್ಲು ಶಿಕ್ಷೆ ಆದೋರ್ನ ಉಳಿಸ್ತಾರಂತಲ್ಲ, ಅದು ಇವ್ರೇನಾ?”

“ಇವ್ರೇ. ಆದ್ರೆ ಸರ್ಕಾರ ಹೇಳ್ದಂಗೆ ಅವ್ರು…”

“ಸೈನ್ ಯಾರ್ದು?”

“ಸೈನ್ ಅವ್ರ್ದೇ.”

ಅಣ್ಣ “ಗಂಜಿ ಆರೋಗ್ತೈತಮ್ಮ” ಅಂದ ಮೇಲೆ ಅಮ್ಮ ಚಮಚ ಅವನ ಬಾಯಿಗೆ ಹಿಡಿದಳು.

ಮಳೆ ಶುರುವಾಗಿದ್ದ ಹೊತ್ತಿನಲ್ಲಿ, ಒಂದು ಭಾನುವಾರ, ಹೆಡ್ ಕಾನ್‌ಸ್ಟೇಬಲ್ ಒಬ್ಬರು ಮನೆ ಹುಡುಕಿಕೊಂಡು ಬಂದರು. ಬಾಗಿಲು ತೆರೆದದ್ದು ನಾನೇ.

“ದಯಾಮರಣಕ್ಕೆ ಅರ್ಜಿ ಹಾಕಿರೋರು ಇದೇ ಮನೆಯೋರಾ ಮೇಡಂ?”

ಮನೆ ತಪ್ಪಿ ಬಂದಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು “ನಾನೇ ಸಾರ್” ಅಂದಳು. ಅವರು ಒಳಗೆ ಬಂದು ಕುಳಿತು, ಒಂದು ಜೆರಾಕ್ಸ್ ಪ್ರತಿ ತೆಗೆದು, “ಇದು ನೀವೇ ಬರ್ದಿದ್ದಾ, ಕೇಳಿ ಹೇಳಿ” ಎಂದು ಓದತೊಡಗಿದರು. ಏಳನೇ ಕ್ಲಾಸಿನವರೆಗೆ ಓದಿದ ಅಮ್ಮ ಯಾರಿಗೂ ಹೇಳದೆ ತನ್ನ ಕೈಯಲ್ಲೇ ಬರೆದಿದ್ದಳು.

“ನನಗೂ ನನ್ನ ಮಗನಿಗೂ ಒಟ್ಟಿಗೆ ಸಾಯಲು ಅಪ್ಪಣೆ ಕೊಡಬೇಕು. ನಾನು ಮೊದಲು ಹೋದರೆ ಅವನನ್ನು ನೋಡುವವರಿಲ್ಲ. ಅವನು ಮೊದಲು ಹೋದರೆ ನಾನಿದ್ದು ಮಾಡುವುದೇನಿಲ್ಲ. ತಾವು ಎಲ್ಲರಿಗಿಂತ ದೊಡ್ಡವರು. ಗಲ್ಲಿನಿಂದ ಇಳಿಸುವವರಿಗೆ ಇದು ಕಷ್ಟವಲ್ಲ. ತಾವು ಒಂದು ಸೈನ್ ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ.”

ಓದುತ್ತಿದ್ದವರು ತಲೆಯೆತ್ತಿದಾಗ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದ್ದ ಅಣ್ಣ ಕಾಣಿಸಿದ. ಕಾಗದ ಕೆಳಗಿಳಿಯಿತು.

“ಇವ್ರಿಗೆ… ಕಿವಿ ಕೇಳುತ್ತಾ?”

“ಕೇಳುತ್ತೆ ಸಾರ್,” ಅಂದ ಅಣ್ಣ.

ಆ ಮನುಷ್ಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: “ದೆಹಲಿಯಿಂದ ವಿಧಾನಸೌಧಕ್ಕೆ ಬಂತು, ಅಲ್ಲಿಂದ ಕೆಳಗಿಳೀತಾ ಇಳೀತಾ ನಮ್ ಸ್ಟೇಷನ್‌ಗೆ ಬಂದೈತಮ್ಮ. ಇದ್ಕೆಲ್ಲ ಕಾನೂನಲ್ಲಿ ಜಾಗ ಇಲ್ಲ. ಇನ್ಮೇಲೆ ಹಿಂಗೆ ಬರೆಯಲ್ಲ ಅಂತ ಒಂದು ಹೇಳಿಕೆ ಕೊಡಿ, ಸಾಕು.”

“ರಾಷ್ಟ್ರಪತಿಯವ್ರು ಓದಿದ್ರಾ ಸಾರ್?” ಅಮ್ಮ ಕೇಳಿದಳು.

ಅವರು ನನ್ನ ಮುಖ ನೋಡಿದರು. “ಓದಿರ್ತಾರಮ್ಮ” ಅಂದರು.

ಅಂದಿನಿಂದ ಅಣ್ಣ ಅಮ್ಮನ ಕೈಯಿಂದ ತಿನ್ನುವುದನ್ನು ಬಿಟ್ಟ. ಚಮಚ ಹತ್ತಿರ ಬಂದರೆ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದ. ಅವನು ತಿರುಗಿಸಬಹುದಾಗಿದ್ದುದು ಅದೊಂದನ್ನೇ. ಸಂಜೆ ನಾನು ಹೋದ ಮೇಲೆ ನನ್ನ ಕೈಯಿಂದ ಒಂದಿಷ್ಟು ತಿನ್ನುತ್ತಿದ್ದ. ಅಮ್ಮ ಹೊಸ್ತಿಲ ಮೇಲೆ ಕುಳಿತು, ಅವನು ನುಂಗುತ್ತಾನೋ ಇಲ್ಲವೋ ಎಂದು ಗಂಟಲನ್ನೇ ನೋಡುತ್ತಿದ್ದಳು. ಹಗಲೆಲ್ಲ ಅವನನ್ನು ಒರೆಸಿ, ಹೊರಳಿಸಿ ಮಾಡುತ್ತಿದ್ದವಳು ಅವಳೇ. ಅದನ್ನು ಬೇಡವೆನ್ನಲು ಅವನಿಗೆ ಆಗುತ್ತಿರಲಿಲ್ಲ.

ಒಂದು ಸಂಜೆ ಅವನೇ ಬಾಯಿಬಿಟ್ಟ.

“ಸಾಯ್ಬೇಕು ಅಂತ ನಾನು ಯಾವತ್ತಾದ್ರೂ ಅಂದಿದ್ನಾ? ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?”

“ನಾನ್ ಹೋದ್ಮೇಲೆ ನಿನ್ನ ಮಗ್ಗುಲು ಯಾರು ಹೊರಳಿಸ್ತಾರೋ?”

“ನಾನಿಲ್ವಾ ಅಮ್ಮ?” ಅಂದೆ.

“ನಿಂಗೆ ನಿನ್ನ ಮನೆ ಐತೆ ಕಣೇ,” ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ.

ಮರುದಿನ ಅಣ್ಣ ನನ್ನ ಕೈಯಲ್ಲಿ ತಾನೂ ಒಂದು ಅರ್ಜಿ ಬರೆಸಿದ. ಅದೂ ರಾಷ್ಟ್ರಪತಿಯವರಿಗೇ. ಅಲ್ಲಿಂದ ಏನೂ ಆಗುವುದಿಲ್ಲ, ಬಂದ ದಾರಿಯಲ್ಲೇ ಇದೂ ಇಳಿದು ಬರುತ್ತದೆ ಎಂದು ಹೇಳಿದೆ. “ಅಮ್ಮನ ಮಾತು ಅಲ್ಲಿತನಕ ಹೋಗೈತೆ. ನಂದೂ ಹೋಗ್ಲಿ” ಅಂದ. ನನ್ನ ವಿಷಯದಲ್ಲಿ ತಾಯಿ ಕೇಳಿದ್ದನ್ನು ಪರಿಗಣಿಸಬೇಡಿ, ನನಗೆ ಬದುಕುವ ಆಸೆ ಇದೆ, ತಾಯಿಗೆ ತುಂಬಾ ಸುಸ್ತಾಗಿದೆ, ಎತ್ತಿ ಮಲಗಿಸಲು ಯಾರನ್ನಾದರೂ ಕಳಿಸಿಕೊಡಿ. ಇಷ್ಟೇ. ಅವನ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿದೆ. “ಆಯ್ತಾ?” ಅಂತ ಕೇಳಿದ. ಒತ್ತಿದ್ದು ಅವನಿಗೆ ಗೊತ್ತಾಗಿರಲಿಲ್ಲ.

ಅಂದು ಅಮ್ಮ ತಟ್ಟೆ ತಂದಾಗ ಬಾಯಿ ತೆರೆದ. ಅವಳು ತುತ್ತಿಡುತ್ತಾ ಅತ್ತಳು.

ಎಷ್ಟೋ ತಿಂಗಳ ಮೇಲೆ ಸರ್ಕಾರಿ ಕಚೇರಿಯೊಂದರಿಂದ ಒಂದು ಗಾಲಿ ಕುರ್ಚಿ ಬಂತು. ಕೂರಿಸಿದರೆ ಅಣ್ಣನ ತಲೆ ಎದೆಗೆ ಬೀಳುತ್ತಿತ್ತು. ಎತ್ತಲು ಯಾರೂ ಬರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ಸಂಜೆ ನಾನು ಹೋದಾಗ ಬಾಗಿಲು ಬರಿದೇ ಮುಚ್ಚಿಕೊಂಡಿತ್ತು. ಅಮ್ಮ ಮಂಚದ ಪಕ್ಕದಲ್ಲಿ ನೆಲದ ಮೇಲೆ ಬಿದ್ದಿದ್ದಳು. ಮೈ ಆಗಲೇ ತಣ್ಣಗಾಗಿತ್ತು. ಬೆಳಿಗ್ಗೆ ಅವನನ್ನು ಹೊರಳಿಸುತ್ತಿದ್ದವಳು ಹಾಗೇ ಕುಸಿದಿದ್ದಳಂತೆ. ಮೇಲಿನ ಬಾಡಿಗೆಯವರೆಲ್ಲ ಕೆಲಸಕ್ಕೆ ಹೋಗಿದ್ದರು. ಕೂಗಿ ಕೂಗಿ ಅಣ್ಣನ ಗಂಟಲು ಕಟ್ಟಿತ್ತು. ಅರ್ಧ ಹೊರಳಿಸಿ ಬಿಟ್ಟಿದ್ದರಿಂದ ಅವನ ಮುಖ ಅವಳ ಕಡೆಗೇ ಇತ್ತು.

ನಾನು ಅವನ ಹತ್ತಿರ ಓಡಿದೆ. “ನನ್ನ ಬಿಡು,” ಅಂದ. ಸ್ವರ ಹೊರಡುತ್ತಿರಲಿಲ್ಲ. “ಅಮ್ಮಂಗೆ ಇರುವೆ ಹತ್ತವೆ. ಮೊದ್ಲು ಅದನ್ನ ನೋಡು.”

ನಾನು, ನನ್ನ ಗಂಡ ಆ ಮನೆಗೇ ಬಂದು ಇದ್ದೆವು. ಮಂಡಿಯನ್ನು ಮಂಚಕ್ಕೆ ಊರಿ ಎಳೆಯುವುದನ್ನು ನಾನೂ ಕಲಿತೆ. ಕೆಲವು ತಿಂಗಳಿಗೇ ನನ್ನ ಸೊಂಟ ಹಿಡಿದುಕೊಂಡಿತು. ಹಿಡಿದ ಸೊಂಟದಲ್ಲಿ ಬಾತ್‌ರೂಮಿನ ಗೋಡೆಗೊರಗಿ ನಿಂತಾಗ, ಅಮ್ಮ ಬರೆದ ಒಂದೊಂದು ವಾಕ್ಯವೂ ನನಗೆ ಬಾಯಿಗೆ ಬರುತ್ತಿತ್ತು. ಆದರೆ ಹೊರಗೆ ಅಣ್ಣ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಾ ನಗುತ್ತಿರುತ್ತಿದ್ದ.

ಚಳಿ ಶುರುವಾದಾಗ ಅವನ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ವೆಂಟಿಲೇಟರ್ ಹಾಕಿದ್ರೆ ಮತ್ತೆ ತೆಗೆಯೋದು ಕಷ್ಟ ಮೇಡಂ. ಮನೆಯವ್ರು ಮಾತಾಡ್ಕೊಂಡು ಹೇಳಿ” ಅಂದರು.

“ಅವನಿಗೆ ಜ್ಞಾನ ಇದೆ. ಅವನನ್ನೇ ಕೇಳ್ತೀನಿ” ಅಂದೆ.

ಕಿವಿಯ ಹತ್ತಿರ ಬಗ್ಗಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಉಸಿರು ಎಳೆದು ಎಳೆದು, “ಹಾಕ್ಸು” ಅಂದ.

ಹಾಕಿಸಿದೆ. ಒಂದು ವಾರದೊಳಗೆ ಹೋದ. ಬಾಯಿಯಲ್ಲಿ ಪೈಪಿದ್ದುದರಿಂದ ಮತ್ತೆ ಅವನ ಮಾತು ಕೇಳಲಿಲ್ಲ.

ನಾವು ಕತ್ರಿಗುಪ್ಪೆಗೆ ವಾಪಸಾದೆವು. ಕೆಳಗಿನ ಮನೆಗೆ ಬಣ್ಣ ಹೊಡೆಸಿ ಬಾಡಿಗೆಗೆ ಹಾಕಿದೆ. ಆಫೀಸಿಗೆ ಹೋಗುವ ಒಬ್ಬಳು ಹುಡುಗಿ ನೋಡಲು ಬಂದಳು, ಬಾಗಲಕೋಟೆ ಕಡೆಯವಳು.

“ಮೊದ್ಲ ಇಲ್ಲಿ ಯಾರ್ ಇದ್ರರೀ ಆಂಟಿ?”

“ನಮ್ಮಮ್ಮ, ನಮ್ಮಣ್ಣ. ಇಬ್ರೂ ತೀರ್ಕೊಂಡ್ರು.”

“ಅಯ್ಯೋ,” ಅಂದಳು. ಕಿಟಕಿ ತೆಗೆದು ನೋಡಿ, “ಗಾಳಿ ಭಾಳ ಚಲೋ ಬರ್ತೈತ್ರೀ” ಅಂದಳು.