ಅಮ್ಮನ ಮಂಚಕ್ಕೆ ಬಂದ ಬಹುಮಾನ

ಕಲಾಭವನದಲ್ಲಿ ಅವಳಿಗೆ ‘ಮುಟ್ಟಬೇಡಿ ಅಕ್ಕ’ ಎಂದು ಹೆಸರು ಬಿದ್ದು ಎಷ್ಟೋ ಕಾಲವಾಯಿತು. ದೊಡ್ಡ ಬಹುಮಾನದ ಪ್ರದರ್ಶನ ನಡೆಯುವ ಹಾಲಿನ ಬಾಗಿಲ ಪಕ್ಕ ಒಂದು ಮರದ ಸ್ಟೂಲು, ಅದರ ಮೇಲೆ ಬೂದು ಕೋಟು ತೊಟ್ಟ ಅವಳು. ಯಾರಾದರೂ ಬೆರಳು ಚಾಚಿದರೆ ಸಾಕು, ಅದೊಂದೇ ಮಾತು. ಗದರಿ ಹೇಳುವವಳಲ್ಲ, ಬಿಸಿ ಪಾತ್ರೆಗೆ ಕೈಹಾಕಲು ಹೊರಟ ಮಗುವಿಗೆ ಹೇಳುವಂತೆ ಹೇಳುವವಳು. ತಾನೂ ಅಷ್ಟೇ, ಅಲ್ಲಿನ ಒಂದು ವಸ್ತುವನ್ನೂ ಬೆರಳ ತುದಿಯಿಂದಲೂ ಸೋಕಿರಲಿಲ್ಲ. ಅದು ಅವಳ ಹೆಮ್ಮೆ. ಹೆಮ್ಮೆಪಡಲು ಆ ಕೆಲಸದಲ್ಲಿ ಬೇರೇನೂ ಇರಲಿಲ್ಲ ಬಿಡಿ.

ಬಹುಮಾನದ ಚರಿತ್ರೆಯನ್ನು ಬಲ್ಲವರು ಪುಸ್ತಕದಲ್ಲಿ ಓದುತ್ತಾರೆ. ಅವಳು ಸ್ಟೂಲಿನ ಮೇಲೆ ಕೂತೇ ಕಂಡವಳು. ಮೊದಮೊದಲು ಬರೀ ಚಿತ್ರಗಳು ಬರುತ್ತಿದ್ದವು. ಓಡುವ ಕುದುರೆಗಳನ್ನು ಬರೆದು ಗೆದ್ದ ಒಬ್ಬ ಮಹಾಶಯ, ಮರುವಾರವೇ ಅದನ್ನು ಪರದೇಶದ ಸಾಹುಕಾರನಿಗೆ ಮಾರಿ ಕೈತೊಳೆದುಕೊಂಡ. ಪತ್ರಿಕೆಗಳು ಹುಯಿಲೆಬ್ಬಿಸಿದವು. ಆಗ ಬಂತು ನಿಯಮ: ಗೆದ್ದ ಕೃತಿ ಎಂದೆಂದಿಗೂ ಕಲಾಭವನದ್ದು. ಅದನ್ನು ಸಭೆಯಲ್ಲಿ ಓದಿದಾಗ ಎಲ್ಲರ ಜೊತೆ ಅವಳೂ ಚಪ್ಪಾಳೆ ತಟ್ಟಿದ್ದಳು. ಆಮೇಲೆ ಕಲೆ ಗೋಡೆಯಿಂದ ನೆಲಕ್ಕಿಳಿಯಿತು. ಒಂದು ವರ್ಷ ಉಪ್ಪಿನ ರಾಶಿ ಗೆದ್ದಿತು, ಇನ್ನೊಂದು ವರ್ಷ ಹಳೇ ಚಪ್ಪಲಿಗಳ ಗುಡ್ಡ. ಒಂದು ಸಲವಂತೂ ಬರೀ ಖಾಲಿ ಹಾಲಿಗೇ ಬಹುಮಾನ! ತೀರ್ಪುಗಾರರು ಬೀದಿಜಗಳಕ್ಕೆ ಇಳಿದರು. “ಇಲ್ಲಿ ಮುಟ್ಟೋಕೆ ಏನಿದೆಯಮ್ಮಾ?” ಎಂದು ಯಾರೋ ಕೇಳಿದ್ದಕ್ಕೆ, “ಗೋಡೆ ಇದೆಯಲ್ಲಾ ಸ್ವಾಮಿ” ಎಂದಿದ್ದಳು ಅಕ್ಕ.

ಅವಳ ತಮ್ಮನೂ ಕಲಾವಿದ. ಅಂದರೆ ನೆಂಟರ ಲೆಕ್ಕದಲ್ಲಿ ಕೆಲಸವಿಲ್ಲದವನು. ಹೆತ್ತವರಿಗೆ ಹೆಗ್ಗಣ ಮುದ್ದು. ಅಮ್ಮನಿಗೆ ಮಾತ್ರ ಅವನು ಮಾಡಿದ್ದೆಲ್ಲ ಚೆಂದ. ಒಂದು ದಿನ ಅವನು ಅಮ್ಮನ ಹಗ್ಗದ ಮಂಚದ ಮುಂದೆ ಬಹಳ ಹೊತ್ತು ನಿಂತ. ಮದುವೆಯ ಹೊಸತರಲ್ಲಿ ಅಪ್ಪ ಕೈಯಾರೆ ಹೆಣೆದ ಮಂಚ ಅದು. ಅಮ್ಮ ಒಂದೇ ಮಗ್ಗುಲಿಗೆ ಮಲಗಿ ಮಲಗಿ ಹಗ್ಗ ಜಗ್ಗಿ, ಅವಳದೇ ಆಕಾರದ ಗುಳಿ ಬಿದ್ದಿತ್ತು. ಭುಜ ಎಲ್ಲಿ, ಸೊಂಟ ಎಲ್ಲಿ, ಮಡಿಸಿದ ಮೊಣಕಾಲು ಎಲ್ಲಿ ಎಂದು ಕುರುಡನೂ ಹೇಳಬಹುದಿತ್ತು.

“ಅಮ್ಮಾ, ಇದನ್ನ ಸ್ವಲ್ಪ ದಿನ ಕೊಡ್ತೀಯಾ? ಪ್ರದರ್ಶನ ಮುಗಿದ ತಕ್ಷಣ ತಂದುಕೊಡ್ತೀನಿ.”

“ತಗೊಂಡು ಹೋಗಪ್ಪಾ. ಆದ್ರೆ ಮಂಚ ನೋಡೋಕೂ ಜನ ಬರ್ತಾರಾ? ಪಾಪ, ಅವರ ಮನೇಲಿ ಮಂಚ ಇಲ್ವಾ?”

ಅದು ಗೆಲ್ಲುತ್ತದೆಂದು ಯಾರು ಕಂಡಿದ್ದರು? ಗೆದ್ದಿತು. ತಮ್ಮ ವೇದಿಕೆಯ ಮೇಲೆ ಅತ್ತ, ಅಕ್ಕ ಸ್ಟೂಲಿನ ಪಕ್ಕ ನಿಂತು ಅತ್ತಳು. ಇಬ್ಬರಿಗೂ ಆ ನಿಯಮ ನೆನಪಾದದ್ದು, ಮನೆಗೆ ಬಂದು, ನೆಲದ ಹಾಸಿಗೆಯಲ್ಲಿ ಕಣ್ಣುಬಿಟ್ಟುಕೊಂಡು ಮಲಗಿದ್ದ ಅಮ್ಮನನ್ನು ನೋಡಿದಾಗ.

ಅಲ್ಲಿಂದ ಅಮ್ಮನ ನಿದ್ದೆ ಹೋಯಿತು. ಹೊಸ ಮಂಚ ತಂದರು, ಹತ್ತಿಯ ಹಾಸಿಗೆ ತಂದರು, ಹಗ್ಗ ಹೆಣೆಯುವವನನ್ನು ಹುಡುಕಿ ಅಂಥದ್ದೇ ಇನ್ನೊಂದು ಮಾಡಿಸಿದರು. ಯಾವುದರಲ್ಲೂ ಅವಳ ಮೈ ಕೂರಲಿಲ್ಲ. ನಿದ್ದೆಯ ಹಿಂದೆಯೇ ನೆನಪೂ ಹೊರಟಿತು. ಅಪ್ಪ ತೀರಿಕೊಂಡದ್ದು ಮರೆತಳು, ಪಕ್ಕದ ಮನೆಯವರನ್ನು ಮರೆತಳು, ಮಂಚವನ್ನು ಮಾತ್ರ ಮರೆಯಲಿಲ್ಲ. ಸಂಜೆ ಅಕ್ಕ ಚಪ್ಪಲಿ ಬಿಡುವ ಮೊದಲೇ ಅಮ್ಮ ಕೇಳುತ್ತಿದ್ದಳು: “ನನ್ ಮಂಚ ಬಂತಾ?”

“ನಾಳೆ ಬರತ್ತಮ್ಮಾ.”

ದಿನವಿಡೀ ಅದೇ ಮಂಚವನ್ನು ಕಾದು ಬಂದವಳು ಹಾಗೆ ಹೇಳಬೇಕು. ನುಂಗುವಂತಿಲ್ಲ, ಉಗುಳುವಂತಿಲ್ಲ. ತಮ್ಮ ಬಹುಮಾನವನ್ನೇ ವಾಪಸು ಕೊಡಲು ಹೋದ. ಬಹುಮಾನ ಹಿಂದಿರುಗಿಸಬಹುದು, ಕೃತಿ ಹಿಂದಿರುಗದು ಎಂದು ಸಮಿತಿ ಬಹಳ ಮರ್ಯಾದೆಯಿಂದಲೇ ಹೇಳಿತು. ಬೈಯೋಣವೆಂದರೆ ಈ ಕಥೆಯಲ್ಲಿ ಒಬ್ಬ ಪಾಪಿಯೂ ಸಿಗುವುದಿಲ್ಲ, ನನಗೆ ಸಿಟ್ಟು ಬರುವುದೇ ಅದಕ್ಕೆ. ತಮ್ಮ ಕದ್ದಿರಲಿಲ್ಲ. ನಿಯಮ ಕೆಟ್ಟದ್ದಾಗಿರಲಿಲ್ಲ. ಅಕ್ಕನ ಕೈಯಲ್ಲಂತೂ ಏನೂ ಇರಲಿಲ್ಲ. ನಡುವೆ ಹಗ್ಗ ಲಡ್ಡಾಗಿ ಹರಿಯುವಂತಿದೆಯೆಂದು ಮಂಚವನ್ನು ರಿಪೇರಿಗೆ ಒಳಗೆ ಒಯ್ದರು, ಹಾಗೇ ತಂದಿಟ್ಟರು. ನೋಡಲು ಒಂದು ಎಳೆಯೂ ಬದಲಾಗಿರಲಿಲ್ಲ.

ಅಮ್ಮ ಅನ್ನ ಬಿಟ್ಟ ಮೇಲೆ ಅಕ್ಕ ನಿರ್ದೇಶಕರ ಮುಂದೆ ಹೋಗಿ ನಿಂತಳು. “ನಮ್ಮಮ್ಮ...” ಎನ್ನುವಷ್ಟರಲ್ಲಿ ಕಣ್ಣೀರೇ ಬಂತು. ಅವರೂ ಮನುಷ್ಯರೇ. ಕಿಟಕಿಯ ಕಡೆ ತಿರುಗಿಕೊಂಡು ಹೇಳಿದರು: “ಸೋಮವಾರ ರಜೆ. ನಾನೂ ಇರಲ್ಲ. ಹಾಲಿನ ಬೀಗದ ಕೈ ನಿಮ್ಮ ಹತ್ರಾನೇ ಇರತ್ತಲ್ಲಮ್ಮಾ.”

ಸೋಮವಾರ ಬೆಳಿಗ್ಗೆ ತಮ್ಮ ಅಮ್ಮನನ್ನು ಎತ್ತಿಕೊಂಡೇ ಹಾಲಿಗೆ ಬಂದ. ಮಂಚ ಕಂಡದ್ದೇ ಅಮ್ಮನ ಮುಖ ಅರಳಿತು. “ಬಂತಲ್ಲಾ!” ಎಂದಳು. ತಮ್ಮ ಮೆಲ್ಲಗೆ ಗುಳಿಯೊಳಗೆ ಮಲಗಿಸಿದ.

ಮೂಳೆ ಬಡಿದ ಸದ್ದಾಯಿತು. ಅಮ್ಮ “ಅಯ್ಯೋ” ಎಂದಳು.

ಅಕ್ಕ ಆ ಹಾಲಿನಲ್ಲಿ ಮೊದಲ ಸಲ ಕೈ ಚಾಚಿ ಹಗ್ಗವನ್ನು ಮುಟ್ಟಿದಳು. ಕಲ್ಲಿನ ಹಾಗಿತ್ತು. “ಅಂಟು ಕುಡಿಸಿ ಗಟ್ಟಿ ಮಾಡಿದಾರೆ ಅಕ್ಕಾ,” ಎಂದ ತಮ್ಮ, “ಗುಳಿ ಕೆಡಬಾರದು ಅಂತ.” ಗುಳಿ ಕೆಟ್ಟಿರಲಿಲ್ಲ. ಅದು ತುಂಬಿದ ಮೈಯ, ದುಡಿಯುವ ಹೆಂಗಸೊಬ್ಬಳ ಗುಳಿ. ಅದರೊಳಗೆ ಈಗಿನ ಅಮ್ಮ ಕಡ್ಡಿಯಾಗಿ ಒಂದು ಮೂಲೆಗೆ ಜಾರಿದ್ದಳು. ಭುಜದ ಜಾಗಕ್ಕೆ ಭುಜ ಮುಟ್ಟುತ್ತಿರಲಿಲ್ಲ. ಮಗ್ಗುಲು ಬದಲಿಸಿದಳು, ಮತ್ತೆ ಬದಲಿಸಿದಳು. ಅಕ್ಕ ತನ್ನ ಕೋಟು ಬಿಚ್ಚಿ ಮಡಿಸಿ ಅವಳ ಸೊಂಟದ ಕೆಳಗೆ ತುರುಕಿದಳು. ಅದರಿಂದ ಏನಾದೀತು?

ಅಮ್ಮ ಕೊನೆಗೆ ಎದ್ದು ಕೂತು ಗುಳಿಯನ್ನು ನೋಡಿದಳು. ಅಂಗೈಯಿಂದ ಸವರಿದಳು. ಆಮೇಲೆ ಗುಟ್ಟು ಹೇಳುವಂತೆ ಮಗಳ ಕಿವಿಗೆ ಬಾಯಿಟ್ಟಳು.

“ಯಾರೋ ಮಲಗಿದ್ರಲ್ಲೇ ಇಲ್ಲಿ. ನಾವು ಬಂದು ಎಬ್ಬಿಸಿಬಿಟ್ವಾ? ನಡೀರಿ ಹೋಗೋಣ, ಪಾಪ, ಅವರು ಬಂದು ಮಲಕ್ಕೊಳ್ಲಿ.”