ಊರು ದಾಟಿಸಿದ ಐದು ಕೋಳಿ

ಹೋದ ಕಾರ್ತಿಕ ಮಾಸದಲ್ಲಿ ನಾನು ನನ್ನ ಕೈಯಾರೆ ತಂಗಿಯ ಮನೆಗೆ ರೋಗ ಹೊತ್ತುಕೊಂಡು ಹೋಗಿ ಬಿಟ್ಟು ಬಂದೆ. ಬೇಕೆಂದು ಮಾಡಿದ್ದಲ್ಲ. ಆದರೂ ಮಾಡಿದವಳು ನಾನೇ. ನಂಜನಗೂಡಿನ ಸ್ವಾಮಿ ನಂಜುಂಡಪ್ಪನನ್ನು ನಂಬಿದ ನಿಮ್ಮೆಲ್ಲರ ಮುಂದೆ ಅದನ್ನು ಒಪ್ಪಿಕೊಂಡು, ಅವನು ನನ್ನನ್ನು ಹೇಗೆ ಕೈಹಿಡಿದ ಎಂಬುದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ. ಕೋಳಿ ಕಥೆ ಎಂದು ನಗಬೇಡಿ. ನಕ್ಕರೂ ಪೂರ್ತಿ ಓದಿ.

ನಮ್ಮದು ನಂಜನಗೂಡು ತಾಲ್ಲೂಕು, ಚಿಕ್ಕಯ್ಯನಛತ್ರದ ಹತ್ತಿರದ ಒಂದು ಹಳ್ಳಿ. ನಾನು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಹಿತ್ತಿಲಲ್ಲಿ ಹತ್ತು ಹನ್ನೆರಡು ನಾಟಿ ಕೋಳಿ ಯಾವಾಗಲೂ ಇರುತ್ತವೆ. ತಂಗಿ ಮಾದೇವಿಯನ್ನು ಕೊಟ್ಟಿರುವುದು ತಿ. ನರಸೀಪುರದ ಪಕ್ಕದ ಹಳ್ಳಿಗೆ. ಗಂಡ ತೀರಿಕೊಂಡ ಮೇಲೆ ಎರಡು ವರ್ಷ ಅವಳು ಮನೆಯಿಂದ ಆಚೆ ಬಂದಿರಲಿಲ್ಲ. ಮಾತಿಲ್ಲ ಕಥೆಯಿಲ್ಲ, ಗೋಡೆ ನೋಡಿಕೊಂಡು ಕೂರುತ್ತಿದ್ದಳು. ನಾನೇ ಒಂದು ಕರಿ ಹೇಂಟೆಯನ್ನೂ ಕಾವಿಗೆ ಕೂರಿಸಲು ಒಂದಷ್ಟು ಮೊಟ್ಟೆಯನ್ನೂ ಒಯ್ದು ಕೊಟ್ಟು, "ಇದುನ್ನ ನೋಡ್ಕೊ, ಇದುಕ್ಕೇನಾರ ಆದ್ರೆ ನಿನ್ನ ಸುಮ್ನೆ ಬಿಡಲ್ಲ" ಎಂದು ಗದರಿಸಿ ಬಂದಿದ್ದೆ. ಮರಿಗಳ ಹಿಂದೆ ಓಡಾಡುತ್ತಾ ಅವಳು ಮತ್ತೆ ಬೀದಿಗೆ ಬಂದಳು, ಜನರ ಹತ್ತಿರ ಮಾತಾಡಿದಳು. ಹೋದ ವರ್ಷದ ಹೊತ್ತಿಗೆ ಅವಳ ಹಿತ್ತಿಲಲ್ಲಿ ಹದಿನಾಲ್ಕು ಕೋಳಿಗಳಿದ್ದವು. ಒಂದೊಂದಕ್ಕೂ ಒಂದೊಂದು ಹೆಸರಿಟ್ಟಿದ್ದಳು.

ಕಾಯಿಲೆ ಶುರುವಾದದ್ದು ನನ್ನ ಮನೆಯಲ್ಲಿ. ಒಂದು ಹೇಂಟೆ ಸೀನತೊಡಗಿತು. ಮಾರನೆಯ ದಿನ ಅದರ ಮುಖ ಊದಿ ಒಂದು ಕಣ್ಣು ಮುಚ್ಚಿಹೋಯಿತು. ಮೂಗಿನಲ್ಲಿ ಅಂಟು ನೀರು, ಉಸಿರೆಳೆದರೆ ಗೊರಗೊರ ಸದ್ದು. ಇನ್ನೆರಡಕ್ಕೂ ಅದೇ ಆಯಿತು. ನಮ್ಮತ್ತೆ ನೋಡಿದವರೇ, "ಕೊಕ್ಕರೆ ರೋಗ ಕಣವ್ವ. ಒಂದ್ಸಲ ಒಕ್ಕುದ್ರೆ ಎಲ್ಲಾನೂ ಒತ್ಕೊಂಡೋಯ್ತದೆ. ಚೆನ್ನಾಗಿರೋವ್ನ ಇವತ್ತೇ ಊರು ದಾಟ್ಸು" ಎಂದರು. ಕಾಯಿಲೆ ಬಂದ ಮನೆಯಿಂದ ಚೆನ್ನಾಗಿರುವ ಕೋಳಿಗಳನ್ನು ನೆಂಟರ ಊರಿಗೆ ಸಾಗಿಸುವುದು ನಮ್ಮ ಕಡೆ ಹಿಂದಿನಿಂದಲೂ ಇದೆ. ಅವರನ್ನು ದೂರಿ ಏನು ಪ್ರಯೋಜನ? ಎಸ್ಸೆಸ್ಸೆಲ್ಸಿ ಓದಿದ ನಾನೂ ತಲೆಯಾಡಿಸಿದೆ.

ಗುರುವಾರ ಐದು ಕೋಳಿಗಳನ್ನು ಬುಟ್ಟಿಗೆ ಹಾಕಿ, ಮೇಲೆ ಹಳೆ ಸೀರೆ ಕಟ್ಟಿ, ನಂಜನಗೂಡಿಗೆ ಬಂದು ನರಸೀಪುರದ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ, ಬುಟ್ಟಿಯನ್ನೂ ನೋಡಿ, "ನಿಮಗೆ ಫ್ರೀ ಕಣಮ್ಮ, ಕೋಳಿಗಿಲ್ಲ" ಎಂದು ಟಿಕೆಟ್ ಹರಿದರು. ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಮಾದೇವಿ ನನ್ನ ಕೋಳಿಗಳನ್ನು ನೆಂಟರ ಹಾಗೆ ಬರಮಾಡಿಕೊಂಡಳು. ಅವಳ ಕೋಳಿಗಳು ಕುಡಿಯುವ ಮಣ್ಣಿನ ಬೋಗುಣಿಯಲ್ಲೇ ಅವೂ ನೀರು ಕುಡಿದವು. ನಾನು ನಿಶ್ಚಿಂತೆಯಿಂದ ಊಟ ಮಾಡಿ ಊರಿಗೆ ವಾಪಸಾದೆ.

ಭಾನುವಾರ ಬೆಳಿಗ್ಗೆ ಅವಳ ಫೋನ್ ಬಂತು. "ಅಕ್ಕ, ನಿನ್ ಕೋಳಿ ಸೀನ್ತಾವೆ. ನನ್ನವು ಆರಕ್ಕೆ ಮುಖ ಊದ್ಕಂಡದೆ. ಕಾಯ್ಲೆ ಅಂತ ಗೊತ್ತಿದ್ದೂ ತಂದ್ಯಾ?" ಎಂದಳು. ನನಗೆ ಗೊತ್ತಿತ್ತು. ಅವಳು ಫೋನ್ ಇಟ್ಟಳು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಅವಳು ಮತ್ತೆ ಮೌನಕ್ಕೆ ಬಿದ್ದಳೇನೋ ಎಂದು ಹೆದರಿದೆ.

ಮಾರನೆಯ ದಿನ ಕಾರ್ತಿಕ ಸೋಮವಾರ. ನಂಜನಗೂಡಿಗೆ ಹೊರಟಾಗ ನಮ್ಮತ್ತೆ, "ಕೋಳಿ ವಿಚಾರ ಮಾರವ್ವಂಗೆ ಹೇಳ್ಬೇಕು, ನಂಜುಂಡಪ್ಪಂಗೆ ಹೇಳ್ತಾರಾ?" ಎಂದು ಮೂತಿ ತಿರುಗಿಸಿದರು. "ಸುಲ್ತಾನ್ರ ಆನೆ ಕಣ್ಣು ವಾಸಿ ಮಾಡ್ದೋನು ಕೋಳಿ ಕಣ್ಣು ನೋಡಕಿಲ್ವಾ?" ಎಂದು ಹೇಳಿ ಹೊರಟೆ. ಬಾಯಲ್ಲಿ ಧೈರ್ಯ, ಒಳಗೆ ಅಂಜಿಕೆ. ಕಪಿಲೆಯಲ್ಲಿ ಮುಳುಗಿ, ಸಾಲಿನಲ್ಲಿ ನಿಂತು, ಗರ್ಭಗುಡಿಯ ಮುಂದೆ ಬಂದಾಗ ಕೇಳಿದ್ದು ಇಷ್ಟೇ: "ಸ್ವಾಮಿ, ನನ್ನ ಕೋಳಿ ಎಲ್ಲವೂ ಬೇಕಾದರೆ ಹೋಗಲಿ. ಮಾದೇವಿ ಮತ್ತೆ ಗೋಡೆ ನೋಡಿಕೊಂಡು ಕೂರುವ ಹಾಗೆ ಮಾಡಬೇಡ. ಏನು ಮಾಡಬೇಕೋ ತೋರಿಸು, ಮಾಡುತ್ತೇನೆ." ಆಚೆ ಬಂದು ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಅಲ್ಲೇ ಕಂಬಕ್ಕೊರಗಿ ಕೂತು ಅತ್ತುಬಿಟ್ಟೆ.

ಪಕ್ಕದಲ್ಲಿ ಹಣ್ಣುಕಾಯಿ ಬಿಡಿಸುತ್ತಿದ್ದ ಒಬ್ಬ ಹೆಂಗಸು ಏನಾಯಿತೆಂದು ಕೇಳಿದರು. ಯಾರ ಹತ್ತಿರವಾದರೂ ಹೇಳಿಕೊಂಡರೆ ಸಾಕಾಗಿತ್ತು, ಹೇಳಿದೆ. ಅವರು ತಾಂಡವಪುರದ ಕಡೆಯವರು, ಅವರ ಊರಿನ ಪಶುಸಖಿಯಂತೆ. ಪಶುಸಖಿ ಎಂದರೆ ಮನೆಮನೆಗೆ ಹೋಗಿ ದನ, ಕುರಿ, ಕೋಳಿಗಳ ಆರೈಕೆ ಹೇಳಿಕೊಡುವವರು. ಅಷ್ಟು ಸಾವಿರ ಜನರ ನಡುವೆ ನನ್ನ ಪಕ್ಕದಲ್ಲಿ ಅವರನ್ನು ಕೂರಿಸಿದವನು ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

"ಮೂಗಿನ ನೀರು ಕೆಟ್ಟ ವಾಸ್ನೆ ಬತ್ತದಾ?" ಎಂದು ಕೇಳಿದರು.

"ಊ ಕಣಕ್ಕ, ಗಬ್ಬು ವಾಸ್ನೆ."

"ಕತ್ತು ತಿರುಚ್ಕತ್ತಾವಾ? ಅಸ್ರು ಭೇದಿ ಆಯ್ತದಾ?"

"ಇಲ್ಲ."

"ಅಂಗಾರೆ ಕೊಕ್ಕರೆ ರೋಗ ಇರ್ನಾರ್ದು. ಆದ್ರೂ ನೋಡ್ದೆ ಹೇಳಕಾಗಲ್ಲ. ಅಳ್ತಾ ಕೂತ್ಕಬೇಡಿ, ಒಂದು ಕೋಳಿ ತಕ್ಕಂಡು ಪಶು ಆಸ್ಪತ್ರೆಗೋಗಿ. ಕುಯ್ದು ತಿನ್ನೋದು, ಮಾರೋದು, ಇನ್ನೊಂದೂರ್ಗೆ ಸಾಗ್ಸೋದು, ಯಾವ್ದೂ ಮಾಡ್ಬೇಡಿ."

ನಾನು ಊರಿಗೆ ಹೋಗಲಿಲ್ಲ. ಒದ್ದೆ ಸೀರೆಯಲ್ಲೇ ನರಸೀಪುರದ ಬಸ್ಸು ಹತ್ತಿದೆ. ಶಾಲೆಗೆ ಫೋನ್ ಮಾಡಿ ಒಂದು ವಾರ ಬರುವುದಿಲ್ಲ ಎಂದೆ.

ಮಾದೇವಿ ಬಾಗಿಲು ತೆಗೆದಳು, ಬಾಯಿ ತೆಗೆಯಲಿಲ್ಲ. ಹಿತ್ತಿಲಲ್ಲಿ ಪಕ್ಕದ ಮನೆ ಅಜ್ಜಿ ಕೋಳಿಗಳ ಊತಕ್ಕೆ ಬರೆ ಎಳೆಯಲು ಕುಡುಗೋಲು ಕಾಯಿಸುತ್ತಿದ್ದರು. "ಅಜ್ಜಿ, ನಾನು ಡಾಕ್ಟ್ರುನ್ನ ಕೇಳ್ಕ ಬರೋಗಂಟ ಮುಟ್ಬೇಡಿ" ಎಂದು ಕುಡುಗೋಲನ್ನು ನೀರಿಗೆ ಅದ್ದಿದೆ. ಅಜ್ಜಿಗೆ ಕೋಪ ಬಂತು. ಬರಲಿ ಎಂದುಕೊಂಡೆ. ಮಾದೇವಿ ತಾನಾಗಿಯೇ ಕರಿ ಹೇಂಟೆಯನ್ನು ಬಟ್ಟೆಚೀಲದಲ್ಲಿ ಇಟ್ಟುಕೊಂಡು ನನ್ನ ಹಿಂದೆ ಆಟೋ ಹತ್ತಿದಳು.

ಪಶು ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕೊಕ್ಕು ಬಿಡಿಸಿ ನೋಡಿದರು, ಎದೆಗೆ ಕಿವಿಯಿಟ್ಟು ಉಸಿರು ಕೇಳಿದರು, ಹತ್ತಿಯಲ್ಲಿ ಮೂಗಿನ ನೀರು ತೆಗೆದರು. "ಹೊರಗಡೆಯಿಂದ ಕೋಳಿ ಏನಾದ್ರೂ ತಂದಿದ್ರಾ?" ಎಂದು ಕೇಳಿದರು. "ನಾನು ತಂದೆ. ಕಾಯ್ಲೆ ಬಂದ ಮನೆಯಿಂದ ತಂದೆ" ಎಂದೆ. ಆ ಮಾತು ಹೇಳುವಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಡಾಕ್ಟರಮ್ಮ ಬೈಯಲಿಲ್ಲ. "ನೋಡೋಕೆ ಕೋಳಿಗಳ ಸಾಂಕ್ರಾಮಿಕ ನೆಗಡಿ ಥರ ಇದೆ, ಕೊರೈಜಾ ಅಂತೀವಿ. ನೀರಿನ ಪಾತ್ರೆಯಿಂದಲೇ ಬೇಗ ಹರಡುತ್ತೆ. ಬೇರೆ ಕಾಯಿಲೆ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ ಮೈಸೂರಿಗೆ ಪರೀಕ್ಷೆಗೆ ಕಳಿಸ್ತೀನಿ. ಅಲ್ಲಿವರೆಗೆ ಔಷಧಿ ಶುರು ಮಾಡಿ" ಎಂದರು. ಔಷಧಿ ಪುಡಿಯನ್ನು ದಿನಾ ಬೆಳಿಗ್ಗೆ ಹೊಸದಾಗಿ ನೀರಿಗೆ ಬೆರೆಸಬೇಕು, ಬೇರೆ ನೀರು ಇಡಕೂಡದು, ಊದಿದವನ್ನು ಬೇರೆ ಕಟ್ಟಬೇಕು, ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ಕಣ್ಣು ಮೂಗು ಒರೆಸಬೇಕು, ಅವರು ಹೇಳುವವರೆಗೆ ಮೊಟ್ಟೆ ತಿನ್ನಕೂಡದು. ನಾನು ಔಷಧಿ ಚೀಟಿಯ ಹಿಂದೆ ಎಲ್ಲ ಬರೆದುಕೊಂಡೆ. ನಮ್ಮ ಯಜಮಾನರಿಗೂ ಫೋನಿನಲ್ಲಿ ಹೇಳಿ, ನಮ್ಮ ಹಿತ್ತಿಲಲ್ಲಿ ಉಳಿದಿದ್ದ ಕೋಳಿಗಳಿಗೆ ನಮ್ಮ ಕಡೆಯ ಆಸ್ಪತ್ರೆಯಿಂದಲೇ ಔಷಧಿ ತರಿಸಿದೆ.

ಗೂಡು ಗುಡಿಸಿದೆ, ಹಳೆ ಹುಲ್ಲು ಸುಟ್ಟೆ, ಮಣ್ಣಿನ ಬೋಗುಣಿ ಒಡೆದು ಹಾಕಿ ಸ್ಟೀಲಿನ ತಟ್ಟೆಗಳನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು ಬಿಸಿಲಿಗಿಟ್ಟೆ. ಹತ್ತೊಂಬತ್ತು ಕೋಳಿಗಳ ಮುಖ ಬೆಳಿಗ್ಗೆ ಸಂಜೆ ಒರೆಸಿದೆ. ಪ್ರತಿ ಕೋಳಿಗೂ ಒಂದೊಂದು ಹತ್ತಿ, ಒಂದೊಂದು "ಓಂ ನಮಃ ಶಿವಾಯ". ಆದರೂ ಬುಧವಾರದೊಳಗೆ ಮೂರು ಹೋದವು, ಗುರುವಾರ ಇನ್ನೊಂದು. ಮಾದೇವಿ ಒಂದೊಂದನ್ನೂ ಸುಣ್ಣ ಹಾಕಿ ಹೂತು ಬಂದು, ನನ್ನ ಮುಂದೆ ಊಟದ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದಳು. ನಾಲ್ಕು ದಿನ ಒಂದೇ ಮನೆಯಲ್ಲಿದ್ದೂ ಅವಳು ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.

ಶುಕ್ರವಾರ ಕರಿ ಹೇಂಟೆಯ ಎರಡೂ ಕಣ್ಣು ಮುಚ್ಚಿಹೋದವು. ಅದು ನೀರೇ ಮುಟ್ಟುತ್ತಿರಲಿಲ್ಲ, ಇನ್ನು ಔಷಧಿ ಒಳಗೆ ಹೋಗುವುದು ಹೇಗೆ? ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಕೊಕ್ಕಿನ ಪಕ್ಕದಲ್ಲಿ ಒಂದೊಂದೇ ಹನಿ ಬಿಡಿ, ಅವಸರ ಮಾಡಿದರೆ ಶ್ವಾಸನಾಳಕ್ಕೆ ಹೋಗುತ್ತದೆ ಎಂದರು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಒಂದು ಹನಿ ಬಿಡುವುದು, ಅದು ನುಂಗುವವರೆಗೆ ಕಾಯುವುದು, ಇನ್ನೊಂದು ಹನಿ. ಪಕ್ಕದ ಮನೆ ಅಜ್ಜಿ ಬೇಲಿಯಾಚೆಯಿಂದ, "ಬುಡವ್ವ ಅತ್ಲಾಗೆ, ಅದು ಬದುಕೋ ಕೋಳಿ ಅಲ್ಲ" ಎಂದರು. "ನಾನೂ ಬುಡೋಳಲ್ಲ ಕಣಜ್ಜಿ" ಎಂದೆ. ನಂಜುಂಡಪ್ಪನಿಗೂ ಅದನ್ನೇ ಹೇಳಿದೆ. ನೀನು ದಾರಿ ತೋರಿಸಿದ್ದೀಯ, ನಾನು ನಡೆಯುತ್ತಿದ್ದೇನೆ, ಅರ್ಧದಲ್ಲಿ ಕೈಬಿಟ್ಟರೆ ನಿನ್ನ ಹತ್ತಿರವೇ ಜಗಳಕ್ಕೆ ಬರುತ್ತೇನೆ ಎಂದೆ. ತಪ್ಪೋ ಸರಿಯೋ, ಹಾಗೆಯೇ ಹೇಳಿದೆ.

ಶನಿವಾರ ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಕಣ್ಣು ಒರೆಸಿ ಅದನ್ನು ನೆಲಕ್ಕೆ ಬಿಟ್ಟೆ. ತೂರಾಡುತ್ತ ನಿಂತಿತು. ಎಡಗಣ್ಣು ಗೀಟಿನಷ್ಟು ತೆರೆದಿತ್ತು. ಹಾಗೇ ಬಗ್ಗಿ ನನ್ನ ಕಾಲುಂಗುರವನ್ನು ಕಾಳೆಂದುಕೊಂಡು ಕುಕ್ಕಿತು. ಸುಮ್ಮನೆ ಅಲ್ಲ, ನೋವಾಗುವಂತೆ ಎರಡು ಸಲ ಕುಕ್ಕಿತು.

ಬಾಗಿಲಲ್ಲಿ ನಿಂತಿದ್ದ ಮಾದೇವಿ, "ಅಕ್ಕ, ಅದುಕ್ಕೆ ಕಣ್ ಕಾಣ್ತದೆ" ಎಂದಳು. ಅಷ್ಟು ಹೇಳಿ ನಗತೊಡಗಿದಳು, ನಗುತ್ತಲೇ ಅತ್ತಳು. ನಾನೂ ಅತ್ತೆ. ನೆಲಕ್ಕೆ ಹಣೆ ಹಚ್ಚಿ ನಂಜನಗೂಡಿನ ದಿಕ್ಕಿಗೆ ನಮಸ್ಕಾರ ಮಾಡಿದೆ.

ಮುಂದಿನ ವಾರ ಮೈಸೂರಿನಿಂದ ವರದಿ ಬಂತು. ಡಾಕ್ಟರಮ್ಮ ಹೇಳಿದ ಕಾಯಿಲೆಯೇ ಆಗಿತ್ತು. ಮಾದೇವಿಯ ಹಿತ್ತಿಲಲ್ಲಿ ಹದಿನೈದು ಕೋಳಿಗಳು ಉಳಿದವು. ಆದರೆ ವಾಸಿಯಾದ ಕೋಳಿಯ ಮೈಯಲ್ಲೂ ರೋಗ ಅಡಗಿರುತ್ತದೆ, ಇವನ್ನು ಇನ್ನು ಯಾರಿಗೂ ಕೊಡಬೇಡಿ, ಹೊಸ ಮರಿಗಳ ಜೊತೆ ಬೆರೆಸಬೇಡಿ, ಎಲ್ಲಿಗೂ ಸಾಗಿಸಬೇಡಿ ಎಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾಗಿ ನನ್ನ ಕೋಳಿಗಳನ್ನು ಅಲ್ಲೇ ಬಿಟ್ಟು ಖಾಲಿ ಬುಟ್ಟಿ ಹಿಡಿದು ಹೊರಟೆ. ಈಗ ನಮ್ಮ ಬೀದಿಯಲ್ಲಿ ಯಾರ ಕೋಳಿ ಸೀನಿದರೂ ನಾನು ಹೋಗಿ ನಿಂತು ನನ್ನ ತಪ್ಪನ್ನು ಮೊದಲು ಹೇಳುತ್ತೇನೆ, ಆಮೇಲೆ ಆಸ್ಪತ್ರೆಗೆ ಕಳಿಸುತ್ತೇನೆ. ಕಾರ್ತಿಕದ ಕಡೇ ಸೋಮವಾರ ಉರುಳುಸೇವೆ ಮಾಡಿ ಸ್ವಾಮಿಗೆ ಕೈಮುಗಿದೆ. ಅವನು ನಾನು ಕೂತಲ್ಲಿಗೇ ಪವಾಡ ತಂದುಕೊಡಲಿಲ್ಲ. ದಾರಿ ತೋರಿಸಿ, ನನ್ನ ಕೈಯಿಂದಲೇ ಮಾಡಿಸಿದ. ಅದಕ್ಕೇ ನನಗೆ ಅವನ ಮೇಲೆ ನಂಬಿಕೆ ಇನ್ನೂ ಗಟ್ಟಿಯಾಗಿದೆ.

ಅವತ್ತು ಖಾಲಿ ಬುಟ್ಟಿ ಹಿಡಿದು ಹೊರಟಾಗ ಮಾದೇವಿ ಬಸ್‌ಸ್ಟಾಪಿನವರೆಗೂ ಬಂದಿದ್ದಳು. ಬಸ್ಸು ಬಂದಾಗ ನನ್ನ ಕೈಯಿಂದ ಬುಟ್ಟಿ ಕಿತ್ತುಕೊಂಡು, "ಇದು ಇಲ್ಲೇ ಇರ್ಲಿ. ಡಾಕ್ಟ್ರಮ್ಮ ಕೋಳಿ ದಾಟುಸ್ಬೇಡಿ ಅಂದವ್ರೆ, ಅಕ್ಕ ಬರ್ಬಾರ್ದು ಅಂತೇನೂ ಅಂದಿಲ್ಲ. ಬರೋ ಭಾನ್ವಾರ ಬಾ" ಎಂದಳು.