ಬಾಲವಿಲ್ಲದ ಬಿಲ್ಲೆ

ಅಮೆರಿಕದಲ್ಲಿ ಉತ್ತರ-ದಕ್ಷಿಣದವರ ಯುದ್ಧ ಎರಡನೇ ವರ್ಷಕ್ಕೆ ಕಾಲಿಟ್ಟದ್ದೇ ತಡ, ಸಿನ್ಸಿನಾಟಿಯ ಜರ್ಮನ್ ಕೇರಿಯಲ್ಲಿ ಚಿಲ್ಲರೆ ಮಂಗಮಾಯವಾಯಿತು. ಸೆಂಟು ನಾಣ್ಯ ಸಿಕ್ಕವರೆಲ್ಲ ಅದನ್ನು ಕಾಲುಚೀಲದಲ್ಲಿ ಬಚ್ಚಿಟ್ಟರು. ಬೇಕರಿಯ ವಾಲ್ಬುರ್ಗಾ ಬೇರೆ ದಾರಿ ಕಾಣದೆ, ಅಕ್ಕಪಕ್ಕದ ಅಂಗಡಿಯವರಂತೆ ಚಿಲ್ಲರೆಯ ಬದಲು ಕೊಡಲು ತನ್ನದೇ ತಾಮ್ರದ ಬಿಲ್ಲೆ ಮಾಡಿಸಿದಳು. ಗಂಡ ದಂಡಿನಲ್ಲಿದ್ದ. ಅಂಗಡಿಯೊಂದೇ ಅವಳ ಆಸರೆ.

ಬಿಲ್ಲೆಯ ಮೇಲೆ ಒಂದು 'ಬ್ರೋಟ್‌ಶೆನ್', ಅಂದರೆ ಒಂದು ಬನ್ನು ಎಂದು ಕೊರೆಯಲು ಹೇಳಿದ್ದಳು. ಅಚ್ಚು ಕೊರೆಯುವ ಮಹಾರಾಯನಿಗೆ ಜರ್ಮನ್ ಬಾರದು. ಬಿಲ್ಲೆಯಲ್ಲಿ ಜಾಗ ಸಾಲಲಿಲ್ಲವೆಂದು 'ಶೆನ್' ಬಾಲ ಕತ್ತರಿಸಿ ಬರೀ 'ಬ್ರೋಟ್' ಕೊರೆದುಬಿಟ್ಟ. ಬಾಲವಿದ್ದರೆ ಒಂದು ಸೆಂಟಿನ ಬನ್ನು, ಇಲ್ಲದಿದ್ದರೆ ಐದು ಸೆಂಟಿನ ದೊಡ್ಡ ಬ್ರೆಡ್ಡು. ಶನಿವಾರದ ನೂಕುನುಗ್ಗಲಲ್ಲಿ ವಾಲ್ಬುರ್ಗಾ ಓದಿ ನೋಡದೆ ಎಲ್ಲವನ್ನೂ ಹಂಚಿದ್ದಳು.

ಸೋಮವಾರ ಬಾಗಿಲು ತೆರೆದಾಗ ಸಾಲಿನ ಮೊದಲಿಗೆ ಬಿಯರ್ ಅಂಗಡಿಯ ಕ್ರಾಟ್ಸ್ ನಿಂತಿದ್ದ. ತನ್ನ ಗಿರಾಕಿಗಳಿಂದ ಬಂದ ಒಂದು ಚೀಲ ಬಿಲ್ಲೆ ಸುರಿದು, "ಬರೆದದ್ದು ಬರೆದ ಹಾಗೆ ಕೊಡಮ್ಮ. ಎಲ್ಲಾ ದೊಡ್ಡವೇ ಆಗ್ಬೇಕು," ಎಂದ.

ವಾಲ್ಬುರ್ಗಾ ಒಂದು ಬಿಲ್ಲೆ ಎತ್ತಿ ಆಗಷ್ಟೇ ಓದಿ ನೋಡಿದಳು, ಬಾಲವೇ ಇಲ್ಲ. ಹಿಂದಿನವರೂ ಹಾಗೇ ಕೇಳಿದರೆ ಸಂಜೆಯೊಳಗೆ ಅಂಗಡಿಗೆ ಬೀಗ ಬೀಳುವುದು ಖಂಡಿತ.

ಆಗ ಅಗಸಗಿತ್ತಿ ಗುಂಡೆಲ್ ಅವನನ್ನು ಮೊಣಕೈಯಲ್ಲಿ ತಳ್ಳಿ ಮುಂದೆ ಬಂದಳು. ಬಿಲ್ಲೆಯನ್ನು ಟಪ್ಪನೆ ಇಟ್ಟು, "ನಂಗೊಂದು ಬ್ರೋಟ್‌ಶೆನ್ ಕೊಡಕ್ಕ," ಎಂದು ಬಾಲವನ್ನು ಬೀದಿಗೆಲ್ಲ ಕೇಳುವಂತೆ ಎಳೆದಳು. ಹಿಂದಿನ ಮುದುಕನೂ "ನಂಗೂ ಬ್ರೋಟ್‌ಶೆನ್ನೇ" ಎಂದ. ಅವನ ಹಿಂದಿನವಳೂ ಅದನ್ನೇ ಅಂದಳು.

"ಕ್ರಾಟ್ಸ್‌ಶೆನ್‌ಗೆ ಏನು ಬೇಕಂತೆ ಕೇಳ್ರೇ," ಎಂದು ಯಾರೋ ಅವನ ಹೆಸರಿಗೇ ಬಾಲ ಅಂಟಿಸಿ ಅವನನ್ನು 'ಪುಟಾಣಿ ಕ್ರಾಟ್ಸ್' ಮಾಡಿದರು. ಬೀದಿಗೆ ಬೀದಿಯೇ ನಕ್ಕಿತು. ಆನೆಯಂಥ ಆಳು ಕ್ರಾಟ್ಸ್ ಕೆಂಪಗಾಗಿ, ಬನ್ನುಗಳನ್ನೇ ಚೀಲಕ್ಕೆ ತುಂಬಿಕೊಂಡು ಜಾಗ ಖಾಲಿ ಮಾಡಿದ.

ಸಾಲು ಕರಗಿದ ಮೇಲೆ ವಾಲ್ಬುರ್ಗಾ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತಳು. ಅಬ್ಬಾ, ಬದುಕಿದೆ ಅನ್ನಿಸಿ ಕಣ್ಣಲ್ಲಿ ನೀರು ಬಂತು.

"ಐದು ಮಕ್ಕಳ ತಾಯಿ ನೀನು. ದೊಡ್ಡದನ್ನೇ ಕೇಳಬಹುದಿತ್ತಲ್ಲೇ," ಎಂದು ಇನ್ನೂ ಹೋಗದೆ ನಿಂತಿದ್ದ ಗುಂಡೆಲ್‌ಗೆ ಹೇಳಿದಳು.

"ಕೇಳಿದ್ರೆ ಇವತ್ತು ಹೊಟ್ಟೆ ತುಂಬ್ತಿತ್ತು. ನೀನು ಬಾಗಿಲು ಹಾಕ್ಕೊಂಡ್ರೆ ನಾಳೆ ಯಾರತ್ರ ಹೋಗ್ಲಿ?"

ವಾಲ್ಬುರ್ಗಾ ಒಲೆಯಿಂದ ದೊಡ್ಡ ಬ್ರೆಡ್ಡೊಂದನ್ನು ತೆಗೆದು ಅವಳ ಮಡಿಲಿಗೆ ಹಾಕಿದಳು.

ಗುಂಡೆಲ್ ಬೇಡವೆನ್ನಲಿಲ್ಲ. "ಸದ್ಯ, ಕೊಟ್ಯಲ್ಲ," ಎಂದಳು. "ಬಾಯಿ ಬಿಟ್ಟು ಕೇಳೋದು ಹೇಗಪ್ಪಾ ಅಂತ ಆಗಿನಿಂದ ಇಲ್ಲೇ ನಿಂತಿದ್ದೆ."